ಜಿಗಣೆಯ ಉಪ್ಪು, ಅತ್ತೆಯ ಮೊಣಕಾಲು

ಹೆಂಡತಿ ಪ್ರೀಮಾಳಿಗೆ, ಅವಳ ತಾಯಿಯ ಮೊಣಕಾಲುಗಳ ಉಸ್ತುವಾರಿ ಹೊತ್ತ ಗಂಡ ರಾಣಿಪುರಂ ಗುಡ್ಡದ ಬುಡದಿಂದ ಒಪ್ಪಿಸುವ ವರದಿ.

ಅತ್ತೆಯನ್ನು ಆಗಾಗ ಕೂರಿಸಬೇಕು, ಅರ್ಧ ದಾರಿಯಿಂದಲೇ ಇಳಿಸಿ ತರಬೇಕು ಎಂಬ ನಿನ್ನ ಆಜ್ಞೆ ನೆನಪಿತ್ತು. ಆದರೆ ಇಲ್ಲಿ ಕೂತವರ ಕಾಲಿಗೆ ಜಿಗಣೆ ಹತ್ತುತ್ತದೆ. ಅದರ ಮೇಲೆ ಉದುರಿಸಲೆಂದು ಗೈಡ್ ಸಫ್ವಾನ್ ನಮ್ಮ ತಂಡಕ್ಕೆ ಒಂದು ಪೊಟ್ಟಣ ಉಪ್ಪು ಕೊಟ್ಟಿದ್ದ. ಅತ್ತೆ ಬಸ್ಸಿನಲ್ಲೇ ಪೇರಳೆ ಹೆಚ್ಚಿ, ಆ ಉಪ್ಪಿಗೆ ಮೆಣಸಿನ ಪುಡಿ ಬೆರೆಸಿ, ಎಲ್ಲರಿಗೂ ಹಂಚಿ ಮುಗಿಸಿದರು.

ಹತ್ತುವಾಗ ಸಫ್ವಾನ್ ಉಪ್ಪು ಕೇಳಿದ.

"ನೀನೇ ಎರಡು ಸಲ ತೆಕ್ಕೊಂಡು ತಿಂದೆಯಲ್ಲ ಮಾರಾಯ," ಎಂದರು ಅತ್ತೆ.

"ಹಾಗಾದ್ರೆ ಇನ್ನು ಎಲ್ಲಿಯೂ ಕೂರ್ಲಿಕ್ಕಿಲ್ಲ ಬಾಯಮ್ಮ, ನಡೀತಾ ಇರಿ."

ಅತ್ತೆ ನಡೆದರು. ನಿನ್ನ ಆಜ್ಞೆ ಮುರಿಯಬಾರದೆಂದು ಅವರ ಪರವಾಗಿ ನಾನೇ ಅಲ್ಲಲ್ಲಿ ಕೂತೆ, ಜಿಗಣೆಗಳಿಗೆ ತೃಪ್ತಿಯಾಗಿದೆ. ನಾನು ತುದಿ ತಲುಪಿದಾಗ ಅವರು ಗಾಳಿಗೆ ಸೆರಗು ಬಿಗಿಹಿಡಿದು, ಕೊಡಗಿನ ಕಡೆಯ ಬೆಟ್ಟಗಳನ್ನು ನೋಡುತ್ತ ನಿಂತಿದ್ದರು. ಅವರ ಮೊಣಕಾಲಿಗೆ ಎಣ್ಣೆ ಬೇಡವಂತೆ. ನನ್ನದಕ್ಕೆ ಕಾಯಿಸಿಡು.

ಬಸ್ಸು ಹೊರಡುತ್ತಿದೆ. ಅತ್ತೆ ಮುಂದಿನ ಸೀಟಿನಿಂದ ಸಫ್ವಾನನನ್ನು ವಿಚಾರಿಸುತ್ತಿದ್ದಾರೆ: "ಇದಕ್ಕಿಂತ ಎತ್ತರದ್ದು ಬೇರೆ ಎಂತಾದರೂ ಉಂಟಾ ಮಗಾ?"

ನಿನ್ನ ಪಿಯುಸ್