ಮೂವತ್ತೆರಡನೇ ಮನೆಯ ಫಾರಂ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರೆಂದು ತಂಗಿ ಫೋನಿನಲ್ಲಿ ಹೇಳಿದಳು. ಉರಿ ಕಡಿಮೆಯಾಗಿದೆಯೇ? ಹನಿ ಔಷಧಿ ಹಾಕುವಾಗ ನೀವು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅದು ಕೆನ್ನೆಗೆ ಇಳಿದ ಮೇಲೆ “ಹಾಕಿ ಆಯ್ತಲ್ಲ” ಎನ್ನುತ್ತೀರಂತೆ. ಇನ್ನೂ ಎರಡು ವಾರ ನೀವು ಓದುವಂತಿಲ್ಲವಾದ್ದರಿಂದ ಈ ಪತ್ರವನ್ನು ಅವಳೇ ಓದಿ ಹೇಳಬೇಕು. (ತಂಗಿ, ನಿಧಾನವಾಗಿ ಓದು. ನಡುನಡುವೆ ನಿನ್ನದೊಂದು ಸೇರಿಸಬೇಡ.) ನಾನು ಚೆನ್ನಾಗಿದ್ದೇನೆ. ಈ ಕಾಗದವನ್ನು ಒಮ್ಮೆ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಪುಸ್ತಕ ಬೈಂಡಿಂಗ್ ಮಾಡುವಾಗ ಉಳಿದ ತುಂಡುಗಳನ್ನು ನೀವು ಅಲಮಾರಿಯ ಮೇಲಿನ ಡಬ್ಬದಲ್ಲಿ “ಇರ್ಲಿ ಬಿಡು, ಬೇಕಾಗುತ್ತೆ” ಎಂದು ಎತ್ತಿಡುತ್ತಿದ್ದಿರಲ್ಲ, ಅದರಲ್ಲಿನದು. ಇಪ್ಪತ್ತು ವರ್ಷದ ಮೇಲೆ ಬೇಕಾಯಿತು ನೋಡಿ.

ಇಲ್ಲಿನ ಸುದ್ದಿಯೆಂದರೆ ಕಸ. ಊರಾಚೆಯ ಗುಂಡಿ ತುಂಬಿ, ಲಾರಿಗಳು ಈಗ ಕಸದ ಗುಡ್ಡವನ್ನೇ ಹತ್ತಿ ಸುರಿದು ಬರುತ್ತಿವೆ. ಪುರಸಭೆಯ ಮುಂದಿರುವುದು ಎರಡೇ ದಾರಿ. ಹಳೆಯ ಕಲ್ಲು ಕ್ವಾರಿಯಲ್ಲಿ ಹೊಸ ಗುಂಡಿ ಮಾಡುವುದು ಒಂದು. ಪ್ರತಿ ಬೀದಿಯೂ ತನ್ನ ಕಸವನ್ನು ತಾನೇ ಬೇರ್ಪಡಿಸಿ, ಹಸಿಯದನ್ನು ಗೊಬ್ಬರ ಮಾಡಿ, ಒಣಗಿದ್ದನ್ನು ಬಳಸುವವರಿಗೆ ಕೊಟ್ಟು, ಗುಂಡಿಗೆ ಹೋಗುವುದನ್ನು ಹಿಡಿಯಷ್ಟಕ್ಕೆ ಇಳಿಸುವುದು ಇನ್ನೊಂದು. ಅದಕ್ಕೆ ಬೀದಿಗೊಂದು ಶೆಡ್ ಬೇಕು. ಹದಿನೆಂಟು ಬೀದಿಗಳಲ್ಲಿ ಹದಿನೇಳಕ್ಕೆ ಜಾಗ ಸಿಕ್ಕಿದೆ. ಸಿಗದಿರುವುದು ನಮ್ಮದಕ್ಕೆ. ಎಲ್ಲ ಬೀದಿಯೂ ಸೇರಿದರಷ್ಟೇ ಈ ಯೋಜನೆ, ಶುಕ್ರವಾರದ ಸಭೆಯೊಳಗೆ ನಾವು ಜಾಗ ತೋರಿಸದಿದ್ದರೆ ಕ್ವಾರಿಯೇ ಗಟ್ಟಿ ಎಂದಿದ್ದಾರೆ.

ಮನೆಮನೆಯ ಅಭಿಪ್ರಾಯ ಬರೆದು ತರುವ ಕೆಲಸ ನನಗೆ ಬಂತು. “ನೀನು ಎಂ.ಎ. ಮಾಡಿದವಳು, ಅಕ್ಷರ ದುಂಡಗಿದೆ” ಎಂದು ಮೂಲೆಮನೆಯ ನಿವೃತ್ತ ಮೇಷ್ಟ್ರು ಹೊರಿಸಿದರು. ಏಳು ಪ್ರಶ್ನೆಗಳ ಫಾರಂ ನಾನೇ ಮಾಡಿದೆ. ಶೆಡ್ ಬೇಕೇ ಎಂಬ ಆರನೆಯದಕ್ಕೆ ಎಲ್ಲರದೂ ಹೌದು. ಏಳನೆಯದಕ್ಕೆ ಬೀದಿಯ ಪುಟ್ಟ ನಕ್ಷೆ ಬರೆದಿದ್ದೆ. ಶೆಡ್ ಎಲ್ಲಿ ಬರಬೇಕೋ ಅಲ್ಲಿಗೆ ಬಾಣ ಹಾಕಬೇಕು. ಅಲ್ಲಿಗೆ ಬಂದ ಕೂಡಲೇ ಪೆನ್ನುಗಳು ತಡೆದು, ಆಮೇಲೆ ಬೇರೆಯವರ ಮನೆಯ ಕಡೆ ಬಾಣ ಹಾಕಿದವು. ಎದುರುಮನೆಯ ಟೈಲರು ತುಂಡುಬಟ್ಟೆಯ ರಾಶಿಯ ನಡುವೆ ಕೂತೇ, “ಒಳ್ಳೇ ಕೆಲ್ಸ ಅಕ್ಕ, ಆಗ್ಲೇಬೇಕು. ಬೇಕರಿ ಹಿಂದೆ ಜಾಗ ಇದ್ಯಲ್ಲ” ಎಂದ. ಬೇಕರಿಯವರು, “ನಮ್ದು ತಿನ್ನೋ ವಸ್ತು. ಟೈಲರ್ ಪಕ್ಕ ಮಾಡಿ, ಅಂಗಿ ಮೇಲೆ ನೊಣ ಕೂತ್ರೆ ಯಾರು ಕೇಳ್ತಾರೆ” ಎಂದರು. ಮೇಷ್ಟ್ರು ಭೂಮಿಯ ಭವಿಷ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿ, “ನಮ್ಮ ಗೇಟಿನ ಹತ್ರ ಮಾತ್ರ ಬೇಡಮ್ಮ, ನನಗೆ ದಮ್ಮು” ಎಂದು ಮುಗಿಸಿದರು. ನಗು ಬಂತು. ಆದರೆ ಅವರಿಗೆ ದಮ್ಮಿರುವುದು ನಿಜವೇ. ಯಾರೂ ಕೆಟ್ಟವರಲ್ಲ ಅಪ್ಪಾ, ಪ್ರತಿಯೊಬ್ಬರಿಗೂ ಒಂದು ಒಳ್ಳೆಯ ಕಾರಣವಿದೆ.

ನಿಮ್ಮಲ್ಲಿ ಹಾಳೆ ಮಡಚಲು ಬರುತ್ತಿದ್ದ ಉಗುರಮ್ಮ ನೆನಪಿದ್ದಾಳಲ್ಲ? ಹೆಬ್ಬೆರಳಿನ ಉಗುರಿನಿಂದ ಒಂದೇ ಎಳೆತಕ್ಕೆ ಮಡಿಕೆ ಕೂರಿಸುತ್ತಾಳೆಂದು ನೀವೇ ಇಟ್ಟ ಹೆಸರು. ಈಗ ಅವಳಿರುವುದು ಕ್ವಾರಿಯ ಪಕ್ಕದಲ್ಲಿ. ಅಲ್ಲಿನ ಒಂಬತ್ತು ಮನೆಗಳಿಗೆ ಒಂದೇ ಬಾವಿ. ನಿನ್ನೆ ಬಂದಿದ್ದಳು. ಮೊದಲು ನಿಮ್ಮ ಕಣ್ಣಿನ ಬಗ್ಗೆ ಕೇಳಿದಳು. ಆಮೇಲೆ, ಎಲ್ಲರ ಬಾಣಗಳನ್ನೂ ನಾನು ಒಂದೇ ನಕ್ಷೆಗೆ ಇಳಿಸಿದ್ದನ್ನು ನೋಡಿ, ಉಗುರನ್ನು ಬಾಣದಿಂದ ಬಾಣಕ್ಕೆ ಎಳೆಯುತ್ತಾ ಹೋಗಿ ಹಾಳೆ ಮುಗಿದು ಮೇಜಿನ ಮರ ಬಂದಲ್ಲಿ ನಿಲ್ಲಿಸಿದಳು. “ಇವ್ರ ಮುಂದೆ ಬೇಡ, ಅವ್ರ ಮುಂದೆ ಬೇಡ ಅಂತ ಬಂದು ಬಂದು ಕೊನೆಗೆ ನಮ್ಮ ಬಾವಿ ಹತ್ರ ನಿಲ್ಲುತ್ತೆ ಮಗಳೇ. ನಮ್ಮನೆಗೆ ಫಾರಂ ಹಿಡ್ಕೊಂಡು ಯಾರೂ ಬರ್ಲಿಲ್ಲ ನೋಡು.” ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ನಿಮ್ಮನೇದು ಏನಂತ ಬರ್ದೆ?” ಎಂದಳು.

ಅವಳು ಹೋದ ಮೇಲೆ ಫಾರಂಗಳನ್ನು ಎಣಿಸಿದೆ. ಮೂವತ್ತೊಂದು. ಬೀದಿಯಲ್ಲಿರುವುದು ಮೂವತ್ತೆರಡು ಮನೆ. ಎಲ್ಲರ ಬಾಗಿಲನ್ನೂ ತಟ್ಟಿದವಳು ನನ್ನ ಬಾಗಿಲನ್ನೇ ಬಿಟ್ಟಿದ್ದೆ. ಇನ್ನೊಂದೂ ಆಗ ಕಣ್ಣಿಗೆ ಬಿತ್ತು. ನಾಲ್ಕು ವರ್ಷದಿಂದ ಬೀಗ ಹಾಕಿರುವ ನಿಮ್ಮ ಬೈಂಡಿಂಗ್ ಶೆಡ್ಡಿಗೆ ಗಟ್ಟಿ ಸೂರಿದೆ, ನಲ್ಲಿಯಿದೆ, ರಸ್ತೆಗೇ ಬಾಗಿಲಿದೆ. ಆದರೂ ಒಂದು ಬಾಣವೂ ಆ ಕಡೆ ತಿರುಗಿಲ್ಲ. ಟೈಲರನ್ನು ಕೇಳಿದೆ. ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಗೆ ಸುತ್ತಿಕೊಂಡ. “ಅದು ಬೈಂಡಿಂಗ್ ತಾತನ ಜಾಗ ಅಲ್ವಾ ಅಕ್ಕ, ಅದನ್ನ ಹೇಗೆ ಹೇಳೋದು?” ಅವನ ಲೆಕ್ಕದ ಪುಸ್ತಕವನ್ನು ನೀವು ಮೂರು ಸಲ ಹೊಲಿದುಕೊಟ್ಟಿದ್ದಿರಂತೆ. ನೀವು ಇನ್ನೂ ಒಳಗೆ ಕೂತು ಅಂಟು ಕಲಸುತ್ತಿದ್ದೀರಿ ಎಂಬಂತೆ ಇಡೀ ಬೀದಿ ಆ ಬಾಗಿಲನ್ನು ಸುತ್ತುಬಳಸಿ ನಡೆದುಹೋಗಿದೆ. ಮನೆಗೆ ಬಂದು ಇನ್ನೊಂದು ಫಾರಂ ತೆಗೆದೆ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಕಣ್ಣು ಉಜ್ಜಬೇಡಿ. ತಂಗಿಗೂ ಅವಳ ಯಜಮಾನರಿಗೂ ನನ್ನ ನೆನಪು ಹೇಳಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ
ದೊಡ್ಡ ಮಗಳು

ಮರೆತಿದ್ದು: ಈ ಪತ್ರ ತರುವ ಬೇಕರಿಯ ವ್ಯಾನು ತಂಗಿಯ ಊರಿನ ಕಡೆಗೆ ಹೊರಟು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾರೆ. ಮರೆತಿದ್ದೇನಲ್ಲ, ಹೇಳಲು ಧೈರ್ಯವಾಗಿರಲಿಲ್ಲ. ಶೆಡ್ಡಿನ ಬೀಗದ ಕೈ ನಿಮ್ಮ ಕನ್ನಡಕದ ಪೆಟ್ಟಿಗೆಯಲ್ಲಿದೆಯೆಂದು ಗೊತ್ತು. ಕೊಡುತ್ತೀರಾ? ಕಟಿಂಗ್ ಮಷೀನು, ಪ್ರೆಸ್ಸು ಎರಡನ್ನೂ ನನ್ನ ಓದುವ ಕೋಣೆಗೆ ತರಿಸುತ್ತೇನೆ, ನನ್ನ ಪುಸ್ತಕಗಳು ಹಜಾರಕ್ಕೆ ಹೋಗಲಿ. ವಾಸನೆ ಬರುವುದೇ ಇಲ್ಲವೆಂದು ಸುಳ್ಳು ಹೇಳಲಾರೆ, ನಮ್ಮ ಅಡುಗೆಮನೆಯ ಕಿಟಕಿ ಇರುವುದು ಆ ಕಡೆಗೇ. ಫೋನಿನಲ್ಲಿ ಕೇಳಿದ್ದರೆ ನನ್ನ ದನಿಗೆ ಕರಗಿ ಹೂಂ ಎಂದುಬಿಡುತ್ತಿದ್ದಿರಿ, ಅದಕ್ಕೇ ಪತ್ರ. ಬೇಡವೆಂದರೂ ನಾನು ಮುನಿಸಿಕೊಳ್ಳುವುದಿಲ್ಲ. ಶುಕ್ರವಾರ ಸಭೆಯಲ್ಲಿ ಉಗುರಮ್ಮನ ಮುಂದೆ ಆ ಉತ್ತರವನ್ನು ಓದುವುದಷ್ಟೇ ಕಷ್ಟ. ಮೂವತ್ತೆರಡನೇ ಫಾರಂ ಇದರೊಳಗಿದೆ. ಮನೆ ನಿಮ್ಮದಾದ್ದರಿಂದ ಹೆಸರು ನಿಮ್ಮದೇ ಬರೆದಿದ್ದೇನೆ. ಏಳನೇ ಪ್ರಶ್ನೆ ಖಾಲಿ ಇದೆ. ತಂಗಿ ನಿಮ್ಮ ಬೆರಳು ಹಿಡಿದು ಯಾವ ಮನೆ ಎಲ್ಲಿದೆಯೆಂದು ತೋರಿಸುತ್ತಾಳೆ. ಬಾಣ ಮಾತ್ರ ನೀವೇ ಹಾಕಿ. ವ್ಯಾನು ಬುಧವಾರ ವಾಪಸು ಬರುತ್ತದೆ.