ಮಾರ್ಗಶಿರಕ್ಕೆ ಸರಿದ ಷಷ್ಠಿ

ಶಿರಸಿ,
೨೭ ಜನವರಿ ೨೦೨೬, ಮಂಗಳವಾರ

ಪ್ರೀತಿಯ ‘ಇವರಿಗೆ’,

ಮೊಣಕಾಲು ನೋವು ಹೇಗಿದೆ? ಜಬಲ್ಪುರದ ಚಳಿ ಇಳಿಯಿತೇ? ಮೊನ್ನೆ ವಿಡಿಯೋದಲ್ಲಿ ಮಂಕಿಟೊಪ್ಪಿಯೊಳಗಿಂದ ನಿಮ್ಮ ಮೂಗೊಂದೇ ಕಾಣುತ್ತಿತ್ತು. ಇಪ್ಪತ್ತು ವರ್ಷದಿಂದ ಪರಿಚಯದ ಮೂಗು ಎಂಬ ಧೈರ್ಯದ ಮೇಲೆ ಮಾತಾಡಿದೆ. ಇಲ್ಲಿ ನಾನು ಕ್ಷೇಮ. ನಿಮ್ಮ ಮಗಳು ಅಭಿಜ್ಞಾ ಕ್ಷೇಮ, ಪ್ರಿಪರೇಟರಿ ಪರೀಕ್ಷೆ ಬಂದರೂ ಕ್ಷೇಮವಾಗಿಯೇ ಇದ್ದಾಳೆ ಎಂಬುದೇ ನನ್ನ ಚಿಂತೆ. ನನ್ನ ಕಾಲೇಜಿನ ಮಕ್ಕಳಿಗೆ ಹಳೆಗನ್ನಡ ಇನ್ನೂ ಹಳಸಿದ ಕನ್ನಡವಾಗಿಯೇ ಉಳಿದಿದೆ. ಅತ್ತೆಯ ಕ್ಷೇಮ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀವು ಮಧ್ಯದಲ್ಲೇ ‘ಒಂದು ಲಿಂಕ್ ಕಳಿಸ್ತೆ, ನೋಡು’ ಎನ್ನುತ್ತೀರಿ. ಕಾಗದದಲ್ಲಿ ಆ ಸೌಲಭ್ಯ ಇಲ್ಲದಿರುವುದರಿಂದ ಕಾಗದವನ್ನೇ ಆರಿಸಿಕೊಂಡೆ.

ನೀವು ಕಳಿಸಿದ ಪಟ್ಟಿ ತಲುಪಿತು. ಮೂರು ಹೊಸ ಕ್ಯಾಲೆಂಡರ್ ಆಪ್‌ಗಳು, ಒಂದೊಂದಕ್ಕೂ ಹದಿನಾಲ್ಕು ಗುಣ, ಹಸಿರು ಬಣ್ಣದ ಸರಿ, ಕೆಂಪು ಬಣ್ಣದ ತಪ್ಪು. ನಮ್ಮ ಮದುವೆಗೆ ಜಾತಕ ಕೂಡಿಸಿದವರು ಇಷ್ಟು ಗುಣ ನೋಡಿದ್ದರೆ ನಾನು ಈಗ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ‘ಹಳೆಯ ಆಪ್ ಕೈಕೊಟ್ಟಿತು, ಮೂರರಲ್ಲಿ ಒಂದನ್ನು ಆರಿಸಿ ಎಲ್ಲವನ್ನೂ ಅದಕ್ಕೆ ಸಾಗಿಸು’ ಎಂದು ಬರೆದಿದ್ದೀರಿ. ಆರಿಸುತ್ತೇನೆ. ಆದರೆ ಅದಕ್ಕೂ ಮೊದಲು ಹಳೆಯದು ಏನನ್ನು ಕೊಂಡುಹೋಯಿತು ಎಂದು ನಿಮಗೆ ತಿಳಿಯಲಿ.

ಹವಾಮಾನ ಕಚೇರಿಯಲ್ಲಿ ಮೋಡ ನೋಡಿ ಸಂಬಳ ಪಡೆಯುವವರು ನೀವು. ಮನೆಯನ್ನೂ ಮೋಡಕ್ಕೇ ಏರಿಸಿಬಿಟ್ಟಿರಿ. ಫೋಟೋ ಮೋಡದಲ್ಲಿ, ಆಧಾರ ಕಾರ್ಡು ಮೋಡದಲ್ಲಿ, ಅತ್ತೆಯ ಔಷಧದ ಚೀಟಿ ಮೋಡದಲ್ಲಿ. ಜೀರಿಗೆ ಮುಗಿಯಿತೆಂದು ನಾನು ಸಾಮಾನಿನ ಆಪ್‌ನಲ್ಲಿ ಬರೆದರೆ ಜಬಲ್ಪುರದಲ್ಲಿ ನಿಮ್ಮ ಜೇಬು ಟಿಂಗ್ ಎನ್ನುತ್ತದೆ. ಶಿರಸಿಯ ಅಂಗಡಿಯವನಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಅತ್ತೆಯ ಬಿ.ಪಿ. ಮಾತ್ರೆಯ ನೆನಪಿನ ಗಂಟೆ ನನ್ನ ಕ್ಲಾಸಿನಲ್ಲಿ ಹೊಡೆದುಕೊಳ್ಳುತ್ತದೆ. ಮಕ್ಕಳು ಪಾಠ ಮುಗಿಯಿತೆಂದು ಏಳುತ್ತಾರೆ. ಎಲ್ಲ ಪಾಸ್‌ವರ್ಡುಗಳನ್ನೂ ಇಟ್ಟು ಕಾಯುವ ಆಪ್ ಒಂದನ್ನು ಹಾಕಿಕೊಟ್ಟಿರಿ, ಅದರ ಪಾಸ್‌ವರ್ಡ್ ಮರೆತು ಮೂರು ದಿನ ನಾವೆಲ್ಲ ನಮ್ಮ ಮನೆಗೇ ಹೊರಗಿನವರಾದೆವು. ‘ಉಚಿತವಾಗಿ ಸಿಗ್ತು’ ಎನ್ನುತ್ತಿದ್ದಿರಿ. ಉಚಿತವಾಗಿ ಸಿಕ್ಕಿದ್ದು ಉಚಿತವೇ ಆಗಿರಬೇಕೆಂದಿಲ್ಲ ಎಂದು ಕನ್ನಡ ಮೇಷ್ಟ್ರಮ್ಮನಾಗಿ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ‘ಎಲ್ಲ ಸಿಂಕ್ ಆಜು’ ಎಂದು ನೀವು ಅಲ್ಲಿಂದ ಸಾರಿದಾಗ ಇಲ್ಲಿಯ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತ ನಕ್ಕೆ. ಇವೆಲ್ಲ ನಗುವ ತಪ್ಪುಗಳು. ಅವನ್ನು ಮನ್ನಿಸಿದ್ದೇನೆ.

ಮನ್ನಿಸಲಾಗದ್ದು ಹೋದ ಯುಗಾದಿಗೆ ಶುರುವಾಯಿತು. ಮನೆಮಂದಿಗೆಲ್ಲ ಒಂದೇ ಕ್ಯಾಲೆಂಡರ್ ಎಂದು ನೀವು ಆ ಆಪನ್ನು ನಮ್ಮೆಲ್ಲರ ಫೋನಿಗೆ ಹಾಕಿದಿರಿ. ತಿಥಿ, ನಕ್ಷತ್ರ, ಹುಟ್ಟುಹಬ್ಬ, ಗ್ಯಾಸ್ ಸಿಲಿಂಡರು, ಎಲ್ಲ ಅದರೊಳಗೆ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದ್ದ ಪಂಚಾಂಗವನ್ನು ‘ಇನ್ನು ಬೇಡ ಆಯಿ’ ಎಂದು ಅತ್ತೆಗೆ ಹೇಳಿ ಕಿತ್ತು ಅಟ್ಟಕ್ಕೆ ಹಾಕಿದ್ದು ನೀವೇ. ಅದು ಬರೀ ಪಂಚಾಂಗವಾಗಿರಲಿಲ್ಲ. ತ್ಯಾಗಲಿಯಿಂದ ಹಿಡಿದು ಉಮ್ಮಚಗಿಯ ತನಕ ನಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯಲ್ಲಿ ಯಾರ ತಿಥಿ ಎಂದು, ಯಾರಿಗೆ ಅನುಮಾನ ಬಂದರೂ ಫೋನು ಬರುತ್ತಿದ್ದದ್ದು ಅತ್ತೆಗೆ. ‘ರಾಜೀವತ್ತೆ, ನಮ್ಮ ದೊಡ್ಡಪ್ಪಂದು ಪುಷ್ಯ ಶುದ್ಧ ದಶಮಿಯ, ಏಕಾದಶಿಯ?’ ಎಂದು ಕೇಳಿದರೆ ಹೂ ಕಟ್ಟುತ್ತಿದ್ದವರು ನೂಲನ್ನೂ ಬಿಡದೆ ಉತ್ತರ ಹೇಳುತ್ತಿದ್ದರು. ನೀವು ಹೇಳುವ ಸರ್ವರ್ ಎಂಬುದು ನಮ್ಮ ಮನೆಯಲ್ಲಿ ಎಪ್ಪತ್ತೆಂಟರ ವಯಸ್ಸಿನಲ್ಲೂ ಒಂದು ದಿನವೂ ಡೌನ್ ಆಗದೆ ನಡೆದಿತ್ತು.

ನವೆಂಬರ್ ಒಂಬತ್ತರ ಬೆಳಿಗ್ಗೆ ಆಸರಿಗೆ ಚಹಾ ಕುಡಿಯುತ್ತ ಅತ್ತೆ ಕೇಳಿದರು: ‘ಕೂಸೆ, ನಾಳೆ ಕಾರ್ತಿಕ ಬಹುಳ ಷಷ್ಠಿ ಅಲ್ದನೇ? ನಿನ್ನ ಮಾವನ ತಿಥಿ. ಭಟ್ಟರಿಗೆ ಹೇಳಿದ್ಯ? ತಮ ಎಂತಕ್ಕೆ ಇನ್ನೂ ಬಂಜಿಲ್ಲೆ?’ ಅವರ ಬಾಯಲ್ಲಿ ನೀವು ಇನ್ನೂ ‘ತಮ’. ನಾನು ಆಪ್ ತೆರೆದೆ. ಡಿಸೆಂಬರ್ ಹತ್ತು ಎಂದು ತೋರಿಸಿತು, ಮಾರ್ಗಶಿರ ಷಷ್ಠಿ. ಅವರಿಗೆ ಸಮಾಧಾನವಾಗಲಿಲ್ಲ. ನಿಮಗೆ ಫೋನು ಹಚ್ಚಿಸಿದರು. ಸ್ಪೀಕರಿನಲ್ಲಿ ನೀವು ಆಡಿದ್ದು ನನಗೆ ಅಕ್ಷರ ತಪ್ಪದೆ ನೆನಪಿದೆ: ‘ಆಯಿ, ನಿಂಗೆ ಮರವು ಶುರುವಾಜು. ಆಪ್‌ನಲ್ಲಿ ಸ್ಪಷ್ಟ ಇದ್ದು, ಮಾರ್ಗಶಿರ ಹೇಳಿ. ಅಪ್ಪಯ್ಯ ಹೋದ ಗಡಿಬಿಡಿಯಲ್ಲಿ ನೀ ತಿಂಗಳು ತಪ್ಪಿ ನೆನಪಿಟ್ಕಂಡಿದ್ದೆ. ಇಷ್ಟು ವರ್ಷ ಮಾಡಿದ್ದೂ ಆ ತಪ್ಪು ತಿಂಗಳಲ್ಲೇ.’ ಅತ್ತೆ ‘ಹೌದ? ಹಂಗಾರೆ ಹಂಗೇ ಇಕ್ಕು ತಮಾ’ ಎಂದರು. ನಿಮ್ಮೊಬ್ಬರನ್ನೇ ದೂರಿ ನಾನು ಪಾರಾಗುವುದಿಲ್ಲ. ಮಾವ ತೀರಿದ ದಿನ ನಾನೂ ಅದೇ ಮನೆಯಲ್ಲಿದ್ದೆ. ತಿಂಗಳು ಯಾವುದೆಂದು ಒಂದು ಕ್ಷಣ ನೆನೆಸಿಕೊಂಡಿದ್ದರೆ ಸಾಕಿತ್ತು. ನೆನೆಸಿಕೊಳ್ಳಲಿಲ್ಲ, ಕೈಯಲ್ಲಿ ಫೋನಿತ್ತಲ್ಲ.

ಮರುದಿನ ಕಾಲೇಜಿನಿಂದ ಬರುವಾಗ ಪೇಟೆಯಲ್ಲಿ ಮಸಾಲೆದೋಸೆ ಕಟ್ಟಿಸಿಕೊಂಡು ಬಂದೆ. ಅತ್ತೆ ‘ಎಂಗೆ ಇಂದು ಬ್ಯಾಡ’ ಎಂದರು. ‘ತಿಥಿ ಇನ್ನೂ ಒಂದು ತಿಂಗಳು ಇದ್ದು ಅತ್ತೆ, ತಿನ್ನಿ’ ಎಂದು ನಾನೇ ಒತ್ತಾಯ ಮಾಡಿ ತಿನ್ನಿಸಿದೆ. ಗಂಡನ ತಿಥಿಯ ದಿನ ಹೊಟೇಲಿನ ಈರುಳ್ಳಿ ಪಲ್ಯ ತಿಂದ ಹೆಂಗಸು ಇಡೀ ಸೀಮೆಯಲ್ಲಿ ಅವರೊಬ್ಬರೇ ಇರಬೇಕು. ತಿನ್ನಿಸಿದವಳು ನಾನು.

ಡಿಸೆಂಬರ್ ಹತ್ತಕ್ಕೆ ನೀವು ಬಂದಿರಿ. ನಮ್ಮ ಹಳೆಯ ಭಟ್ಟರು ಹಾಸಿಗೆ ಹಿಡಿದದ್ದರಿಂದ ಉಮ್ಮಚಗಿಯಿಂದ ಬಂದವರು ಹೊಸಬರು. ನಮ್ಮ ಮನೆಯ ತಿಥಿ ಅವರಿಗೇನು ಗೊತ್ತು? ಯಜಮಾನರಾದ ನೀವು ಮಾರ್ಗಶಿರ ಬಹುಳ ಷಷ್ಠಿ ಎಂದಿರಿ, ಅವರ ಪಂಚಾಂಗದಲ್ಲೂ ಆ ದಿನ ಮಾರ್ಗಶಿರ ಬಹುಳ ಷಷ್ಠಿಯೇ ಇತ್ತು. ಮಂತ್ರಕ್ಕೆ ಯಾವ ಕುಂದೂ ಬರಲಿಲ್ಲ. ವಡೆ ಚೆನ್ನಾಗಿತ್ತು, ಸಿಹಿ ಸುಟ್ಟೇವು ಚೆನ್ನಾಗಿತ್ತು. ಕಾಗೆ ಕೂಡ ಸರಿಯಾದ ಹೊತ್ತಿಗೆ ಬಂದು ಉಂಡುಹೋಯಿತು. ಅದಕ್ಕೆ ಯಾವ ತಿಂಗಳಾದರೂ ವಡೆ ವಡೆಯೇ. ಮರುದಿನ ನೀವು ರೈಲು ಹತ್ತಿದಿರಿ. ತಿಥಿಗೆ ಬಂದ ಅತಿಥಿ ಎಂದು ಅಭಿಜ್ಞಾ ಹಿಂದಿನಿಂದ ಹೇಳಿದಳು. ಅವಳನ್ನು ಗದರಿಸಿದೆ, ಆ ಶ್ಲೇಷೆ ನನಗೇ ಮೊದಲು ಹೊಳೆದಿತ್ತಲ್ಲ ಎಂಬ ಹೊಟ್ಟೆಕಿಚ್ಚಿಗೆ.

ಸಂಕ್ರಾಂತಿಯ ಮುನ್ನ ಅಟ್ಟ ಗುಡಿಸುವಾಗ ಹಳೆಯ ಪಂಚಾಂಗಗಳ ಕಟ್ಟು ಸಿಕ್ಕಿತು. ಮಾವ ತೀರಿದ ವರ್ಷದ್ದನ್ನು ಬಿಡಿಸಿ ನೋಡಿದೆ. ಕಾರ್ತಿಕ ಬಹುಳ ಷಷ್ಠಿಯ ಎದುರಿಗೆ ಅತ್ತೆಯ ಕೈಯ ಕುಂಕುಮದ ಗೀಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಇವರು’ ಎಂದಷ್ಟೇ. ನಿಮಗೆ ಫೋನು ಮಾಡಿದೆ. ನೀವು ವಿವರಿಸಿದಿರಿ: ಉತ್ತರದವರು ಹುಣ್ಣಿಮೆಗೆ ತಿಂಗಳು ಮುಗಿಸುತ್ತಾರೆ, ನಾವು ಅಮಾವಾಸ್ಯೆಗೆ, ಹಾಗಾಗಿ ಕೃಷ್ಣಪಕ್ಷ ಬಂತೆಂದರೆ ಅವರ ತಿಂಗಳ ಹೆಸರು ನಮಗಿಂತ ಒಂದು ಮುಂದೆ, ನಮ್ಮ ಕಾರ್ತಿಕ ಬಹುಳ ಷಷ್ಠಿಯೇ ಅವರ ಮಾರ್ಗಶಿರ ಷಷ್ಠಿ, ಆಪ್ ಹೆಸರನ್ನು ಆ ಕಡೆಯ ರೂಢಿಯಲ್ಲಿ ಹಿಡಿದು ದಿನವನ್ನು ಈ ಕಡೆಯ ರೂಢಿಯಲ್ಲಿ ಕೊಟ್ಟಿದೆ, ದರಿದ್ರದ್ದು, ತೆಗೆದುಬಿಡೋಣ. ವಿವರಣೆ ಎಷ್ಟು ಚೊಕ್ಕವಾಗಿತ್ತೆಂದರೆ ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನು ನನ್ನದೇ ಜ್ಞಾನವೆಂಬಂತೆ ಹೇಳಿ ಮೆಚ್ಚುಗೆ ಪಡೆದೆ.

ಅತ್ತೆಗೂ ಹೇಳಿದೆ. ಪಂಚಾಂಗವನ್ನು ಕೈಗೆ ಕೊಟ್ಟು, ಗೀಟು ತೋರಿಸಿ, ‘ನೀವು ಹೇಳಿದ್ದೇ ಸರಿ ಅತ್ತೆ, ಆಪ್ ತಪ್ಪಿದ್ದು’ ಎಂದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಈ ಗೀಟು ಆನೇ ಎಳೆದ್ದನ? ನೆನಪಿಲ್ಲೆ. ಆಗಳೇ ತಪ್ಪಿ ಎಳೆದ್ನೇನ. ತಮ ಸುಮ್ಮನೆ ಹೇಳುವವ ಅಲ್ಲ’ ಎಂದು ಪುಸ್ತಕ ಮಡಚಿ ನನಗೇ ಕೊಟ್ಟರು. ನಾನು ಎಷ್ಟು ಬಾರಿ ಹೇಳಿದರೂ ನನ್ನದು ಸೊಸೆಯ ಮಾತು, ಸಮಾಧಾನಕ್ಕೆ ಹೇಳಿದ್ದು. ಮರವು ಎಂದು ಹೇಳಿದ್ದು ಮಗ.

ಈಗ ಅವರ ದಿನ ಹೇಗೆ ನಡೆಯುತ್ತದೆ ಕೇಳಿ. ಉಂಡು ಕೈತೊಳೆದು ಬಂದು ‘ಎನ್ನ ಊಟ ಆತನೇ?’ ಎಂದು ಕೇಳುತ್ತಾರೆ. ಮರೆತು ಕೇಳುವುದಲ್ಲ, ಊಟವಾದದ್ದು ಗೊತ್ತಿದ್ದೇ, ಅದು ನಿಜವೋ ಎಂದು ತಾಳೆ ನೋಡಲು ಕೇಳುವುದು. ಸಾರಿಗೆ ಉಪ್ಪು ಹಾಕಿ ಅಭಿಜ್ಞಾಳನ್ನು ಸಾಕ್ಷಿಗೆ ಕರೆಯುತ್ತಾರೆ. ದೀಪ ಹಚ್ಚಿದ ಮೇಲೆ ಎರಡು ಸಲ ಬಂದು ನೋಡುತ್ತಾರೆ. ಡಾಕ್ಟರಿಗೆ ತೋರಿಸಿದೆ, ‘ಇವರ ನೆನಪು ನನ್ನದಕ್ಕಿಂತ ಗಟ್ಟಿ ಇದೆ, ಹೆದರಿಕೆ ಒಂದೇ ಇರೋದು’ ಎಂದರು. ಹೆದರಿಕೆಗೆ ಮಾತ್ರೆ ಬರೆಯಲಿಲ್ಲ. ಮೊನ್ನೆ ತ್ಯಾಗಲಿಯಿಂದ ಅವರ ತಮ್ಮನ ಹೆಂಡತಿ ಫೋನು ಮಾಡಿ ಯಾವುದೋ ತಿಥಿ ಕೇಳಿದರು. ಅತ್ತೆ ಹೇಳಿದ್ದು ಇಷ್ಟೇ: ‘ಎನ್ನ ಕೇಳಡಿ, ಎಂಗೆ ಈಗ ತಲೆ ನಿಲ್ತಿಲ್ಲೆ. ಆಪ್ ನೋಡ್ಕಳಿ.’ ಆ ತಿಥಿ ಅವರಿಗೆ ಗೊತ್ತಿತ್ತು. ಫೋನಿಟ್ಟ ಮೇಲೆ ತುಟಿಯೊಳಗೇ ಹೇಳಿಕೊಂಡರು, ನಾನು ಕೇಳಿಸಿಕೊಂಡೆ, ಆಮೇಲೆ ಹುಡುಕಿ ನೋಡಿದೆ, ಸರಿಯಾಗಿಯೇ ಇತ್ತು. ಅಂದಿನಿಂದ ಯಾರೂ ಕೇಳಿಲ್ಲ. ಸುದ್ದಿ ನಮ್ಮಲ್ಲಿ ಯಾವ ನೆಟ್‌ವರ್ಕಿಗೂ ಕಾಯುವುದಿಲ್ಲವಲ್ಲ, ರಾಜೀವತ್ತೆಗೆ ಮರವು ಬಂತು ಎಂದು ಸಿದ್ದಾಪುರ, ಯಲ್ಲಾಪುರ ಎಲ್ಲ ಕಡೆಗೂ ಮುಟ್ಟಿದೆ.

ನಿಮ್ಮ ಮೂರು ಆಪ್‌ಗಳಲ್ಲಿ ನನ್ನ ಆಯ್ಕೆ ಯಾವುದು ಎಂದಿರಿ. ಮೊದಲನೆಯದು ಸಾಕು, ಎರಡೂ ಕಡೆಯ ತಿಂಗಳು ತೋರಿಸುತ್ತದಂತೆ. ಗ್ಯಾಸ್ ಸಿಲಿಂಡರಿಗೆ, ಕರೆಂಟ್ ಬಿಲ್ಲಿಗೆ, ಅಭಿಜ್ಞಾಳ ಪರೀಕ್ಷೆಗೆ ಅದು ಇರಲಿ. ತಿಥಿಗಳನ್ನು ಅದರೊಳಗೆ ಹಾಕುವುದಿಲ್ಲ. ಹೊಸ ಪಂಚಾಂಗ ತಂದು ಅದೇ ಮೊಳೆಗೆ ನೇತುಹಾಕುತ್ತೇನೆ. ನೀವು ಮಾಡಬೇಕಾದ್ದು ಒಂದೇ: ಆಯಿಗೆ ಫೋನು ಮಾಡಿ, ಆಪ್‌ನ ರೂಢಿ ಬೇರೆ, ತಪ್ಪಿದ್ದು ಅದು, ನೀನಲ್ಲ ಎಂದು ನಿಮ್ಮ ಬಾಯಲ್ಲೇ ಹೇಳಿ. ಹುಣ್ಣಿಮೆ ಅಮಾವಾಸ್ಯೆಯ ವಿವರಣೆ ಬೇಡ. ‘ನೀ ಹೇಳಿದ್ದೇ ಸರಿ’ ಎಂಬ ಮೂರು ಶಬ್ದ ಸಾಕು.

ಮಂಕಿಟೊಪ್ಪಿ ಬಿಡಬೇಡಿ, ಮೊಣಕಾಲಿಗೆ ಕಳಿಸಿದ ಎಣ್ಣೆಯನ್ನು ಕಪಾಟಿಗಲ್ಲ, ಮೊಣಕಾಲಿಗೇ ಹಚ್ಚಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಹೇಳಿದ್ದು ಹೌದೋ ಅಲ್ಲವೋ ಎಂದು ನನ್ನನ್ನು ಮತ್ತೆ ಕೇಳಿದರು. ಹೌದು ಎಂದೆ.

ಇಷ್ಟೆಲ್ಲ ಬೈದ ಮೇಲೂ ನಿಮ್ಮವಳೇ ಆದ,
ಕಾವ್ಯಶ್ರೀ

ತಾ.ಕ.: ಬುಧವಾರ ಮಧ್ಯಾಹ್ನ. ಅಂಚೆಗೆ ಹಾಕುವ ಮೊದಲು ನೀವು ಹೇಳಿದ ಕೆಲಸ ಮುಗಿಸೋಣವೆಂದು ಹಳೆಯ ಆಪ್‌ನಿಂದ ಎಲ್ಲವನ್ನೂ ಹೊರಗೆ ತೆಗೆಯುತ್ತಿದ್ದೆ. ಪ್ರತಿ ದಿನದ ಅಡಿಯಲ್ಲೂ ಯಾರು, ಯಾವಾಗ, ಏನು ಬದಲಿಸಿದರು ಎಂದು ಅದು ಬರೆದಿಟ್ಟಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ. ಮಾವನ ತಿಥಿ ಯುಗಾದಿಯಿಂದಲೂ ಅದರಲ್ಲಿ ನವೆಂಬರ್ ಹತ್ತಕ್ಕೇ ಇತ್ತು. ಹೆಸರು ಆ ಕಡೆಯದು, ದಿನ ಮಾತ್ರ ನಮ್ಮದೇ, ಸರಿಯಾದದ್ದೇ. ಅದರ ಕೆಳಗೆ ನಿಮ್ಮದೇ ಹೆಸರು: ‘ಅಕ್ಟೋಬರ್ ೨೭, ೧೧.೪೦. ಮನೋಹರ ಅವರು ದಿನಾಂಕವನ್ನು ನವೆಂಬರ್ ೧೦ರಿಂದ ಡಿಸೆಂಬರ್ ೧೦ಕ್ಕೆ ಬದಲಿಸಿದ್ದಾರೆ.’ ನಿಮ್ಮ ಕಚೇರಿಯ ಇನ್‌ಸ್ಪೆಕ್ಷನ್ ನವೆಂಬರ್ ಎರಡನೆಯ ವಾರ ಎಂದು ಕೆಳಗಿನ ಸಾಲಿನಲ್ಲೇ ಇದೆ, ಅದೇ ದಿನ, ಎರಡು ನಿಮಿಷ ಮೊದಲು ಸೇರಿಸಿದ್ದು.

ರಜೆ ಸಿಗುವುದಿಲ್ಲ ಎಂದಿದ್ದರೆ ಸಾಕಿತ್ತು. ‘ಅಮಾವಾಸ್ಯೆಗೆ ಮಾಡಿರೆ ಆತು ತಮಾ, ಶಾಸ್ತ್ರದಲ್ಲಿ ಇದ್ದು’ ಎಂದು ಆಯಿಯೇ ದಾರಿ ಹೇಳುತ್ತಿದ್ದರು. ಸೊಸೆಯಾದ ನನಗೆ ಗೊತ್ತಿರುವುದು ಮಗನಿಗೆ ಗೊತ್ತಿರಲಿಲ್ಲವೇ? ನಾಲ್ಕು ಪುಟ ಬೈಸಿಕೊಂಡದ್ದು ಬಾಯಿಲ್ಲದ ಆಪ್. ಮೇಲೆ ಬರೆದ ಮೂರು ಶಬ್ದ ಇನ್ನು ಸಾಲವು. ಆಪ್ ತಪ್ಪಿತು ಎಂದು ಮಾತ್ರ ಹೇಳಬೇಡಿ. ನಾನು ಅತ್ತೆಗೆ ಇನ್ನೂ ಏನನ್ನೂ ಹೇಳಿಲ್ಲ. ಇದು ಶನಿವಾರಕ್ಕೆ ನಿಮ್ಮ ಕೈಸೇರಬಹುದು. ತನಗೆ ಮರವು ಇಲ್ಲ ಎಂದು ನಂಬಬೇಕಾದರೆ ಮಗ ಸುಳ್ಳು ಹೇಳಿದ ಎಂದೂ ಅವರು ನಂಬಬೇಕಾಗುತ್ತದೆ. ಅದನ್ನು ಹೇಳುವ ಕೆಲಸ ನನ್ನದಲ್ಲ. ಭಾನುವಾರ ಊಟದ ನಂತರ ಫೋನನ್ನು ಅವರ ಕೈಗೇ ಕೊಟ್ಟು ನಾನು ಹಿತ್ತಿಲಿಗೆ ಹೋಗಿರುತ್ತೇನೆ.