ಹುಣಸೆಹಣ್ಣಿನಲ್ಲಿ ತೊಳೆದ ರೇಸಿನ ಕಾರು

ಏನ್ರೀ,

ಮನಿಗೆ ಬಂದವರು ಮೊದಲು ಈ ಕಪಾಟಿಗೇ ಬರ್ತೀರಿ ಅಂತ ಚೀಟಿ ಇಲ್ಲೇ ಇಟ್ಟೀನಿ. ಕೂಗಾಡಬ್ಯಾಡ್ರಿ. ನಿಮ್ಮ ಅಂಗೈಯುದ್ದದ ರೇಸಿನ ಕಾರು ಆರೂ ದೇವರ ಮುಂದ ಅದಾವು.

ನೀವು ಗಿರಣಿಯ ಆಯುಧಪೂಜೆಗೆ ಹೋದ ಮ್ಯಾಲೆ ಅತ್ತಿ ಅವನ್ನ ಹಿತ್ತಾಳಿ ಸಾಮಾನಿನ ಜೋಡಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಬಿಟ್ಟಾರ. ನಾನು ಹೋಳಿಗೆ ಹಂಚಿನ ಮುಂದಿದ್ದೆ, ನೋಡಲಿಲ್ಲ. ಇಟಲಿಯ ಕೆಂಪು, ಫ್ರಾನ್ಸಿನ ನೀಲಿ, ಇಂಗ್ಲೆಂಡಿನ ಹಸಿರು, ಎಲ್ಲಾ ಬಚ್ಚಲಿಗೆ ಹೋತು. ಬೆಳ್ಳಿ ಬಣ್ಣದ್ದು ಜರ್ಮನಿಯದು ಅಂತ ನೀವೇ ಹೇಳಿದ್ರಿ. ಈಗ ಆರೂ ಜರ್ಮನಿಯವೇ ಆಗ್ಯಾವ.

ಅವರನ್ನ ಬೈಯೋ ಹಂಗಿಲ್ಲ. ಮುಂಬಯಿಂದ ತಂದ ದಿನದಿಂದ ‘ಇವು ಆಟಿಗಿ ಸಾಮಾನಲ್ಲ, ಕಾರು’ ಅಂತ ಮನಿತುಂಬ ಸಾರಿದವರು ನೀವು. ಕಾರು ಅಂದ ಮ್ಯಾಲೆ ಪೂಜೆ ಮಾಡದ ಬಿಡ್ತಾರೇನು?

ನಾನು ತಂಗಿ ಮನಿಗೆ ಹೋಳಿಗೆ ಕೊಟ್ಟು ಬರ್ತೀನಿ. ಮಾರಿ ಸಣ್ಣ ಮಾಡಬ್ಯಾಡ್ರಿ, ಚಂದ ಹೊಳೀತಾವ ಅನ್ರಿ. ಒಂದೊಂದು ಕಾರಿನ ಮುಂದ ಒಂದೊಂದು ನಿಂಬೆಹಣ್ಣು ಇಟ್ಟಾರ. ಕಾರಿಗಿಂತ ಹಣ್ಣೇ ಎತ್ತರ, ಅದರ ಮ್ಯಾಲೆ ಹೆಂಗ ಹಾಯಿಸ್ತೀರೋ ನನಗ ಗೊತ್ತಿಲ್ಲ. ಮಾಲಕ ಬಂದು ಕಾರು ಹಾಯಿಸೋತನಕ ಉಣ್ಣಂಗಿಲ್ಲ ಅಂತ ನಿಮ್ಮವ್ವ ಬೆಳಿಗ್ಗಿಂದ ಉಪವಾಸ ಕುಂತಾರ.

ಗುರುಶಾಂತವ್ವ